ಬೈಲಪ್ಪ ಬಂದೂಕಿನ ಬ್ರೇಕ್ ಬಿಚ್ಚಿದ್ದು

ಬೈಲಪ್ಪನಿಗೆ ಜಗದೀಶನ ಮೇಲೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ಜಗದೀಶ ಎಂದರೆ ರೈಫಲ್ ಕ್ಲಬ್ಬಿನ ಕೋಚು. ಬೈಲಪ್ಪನ ಮಗಳು ಯಮುನಾಗೆ ಮೂರು ವರ್ಷದಿಂದ ಗುರಿ ಹೊಡೆಯುವುದನ್ನು ಕಲಿಸುತ್ತಿರುವವನು. ಆ ಮನುಷ್ಯ ಬೈದಿಲ್ಲ, ಬಡಿದಿಲ್ಲ, ಎದುರು ಸಿಕ್ಕಾಗ ‘ನಮಸ್ಕಾರ ಸರ್’ ಎನ್ನದೆ ಮುಂದೆ ಹೋಗಿದ್ದೂ ಇಲ್ಲ. ಅವನ ಅಪರಾಧವೆಲ್ಲ ಒಂದೇ ವಾಕ್ಯದ್ದು. ಜನವರಿಯ ಒಂದು ಶುಕ್ರವಾರ ಯಮುನಾಳ ಕೈಗೆ ಕ್ಲಬ್ಬಿನ ಬಂದೂಕು ಕೊಟ್ಟು, ಅದರ ಮೂತಿ ತೋರಿಸಿ, “ಯಾರಾದ್ರೂ ಒಳ್ಳೆ ಮೆಕ್ಯಾನಿಕ್ ಒಬ್ಬನ್ನ ಮನೆಗೆ ಕರೆಸಿ ಇದನ್ನ ಬಿಚ್ಚಿಸ್ಕೊಂಡು ಬಾಮ್ಮ” ಅಂದಿದ್ದ.

ಯಾರಾದರೂ ಒಳ್ಳೆ ಮೆಕ್ಯಾನಿಕ್ಕು. ಮರ್ಫಿ ಟೌನಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಲೇತ್ ಅಂಗಡಿ ಇಟ್ಟುಕೊಂಡು, ಬೋರ್‌ವೆಲ್ ಪಂಪಿನ ಶಾಫ್ಟಿನಿಂದ ಹಿಡಿದು ಬೇಕರಿಯ ಹಿಟ್ಟು ಕಲಸುವ ಯಂತ್ರದ ಹಲ್ಲಿನವರೆಗೆ ಕಡೆದುಕೊಟ್ಟ ಬೈಲಪ್ಪನ ಮಗಳಿಗೆ ಹೇಳುವ ಮಾತೇ ಇದು? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿರಬಹುದು. ಆದರೆ ವಿಮಾನಪುರದ ಕಾರ್ಖಾನೆಯಿಂದ ರಿಟೈರಾದ ದೊಡ್ಡ ದೊಡ್ಡವರೇ ತಮ್ಮ ಮನೆ ಗೇಟಿನ ಕೀಲು ಸರಿಹೋಗದಿದ್ದಾಗ ಅವನ ಅಂಗಡಿ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದಾರೆ. ಚಪ್ಪಲಿ ಬಿಟ್ಟಿದ್ದು ಅವತ್ತು ಅಂಗಡಿ ಮುಂದೆ ಮೋರಿ ನೀರು ನಿಂತಿದ್ದರಿಂದ. ಆ ವಿವರವನ್ನು ಬೈಲಪ್ಪ ಹೇಳುವುದಿಲ್ಲ.

“ಎರಡು ನಿಮಿಷ,” ಅಂದ ಬೈಲಪ್ಪ, ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ. “ಕೊಡಿಲ್ಲಿ. ನಿಮ್ಮಮ್ಮ ಮಜ್ಜಿಗೆ ತರೋದ್ರೊಳಗೆ ಬಿಚ್ಚಿ ಕೈಗಿಡ್ತೀನಿ.”

ಬಿಚ್ಚಬೇಕಾಗಿದ್ದುದು ಮಹಾ ದೊಡ್ಡದೇನಲ್ಲ. ನಳಿಗೆಯ ತುದಿಗೆ ತಿರುಪಿನಲ್ಲಿ ಕೂರಿಸಿದ್ದ, ಹೆಬ್ಬೆರಳಿನಷ್ಟು ಉದ್ದದ, ಮೈತುಂಬ ತೂತುಗಳಿದ್ದ ಉಕ್ಕಿನ ತುಂಡು. ಅದರ ಹೆಸರು ಮಜಲ್ ಬ್ರೇಕ್ ಎಂದು ಯಮುನಾ ವಿವರಿಸಿದಳು. ಹಿಂದೆ ಯಾರೋ ಶೋಕಿಗೆ ಹಾಕಿಸಿದ್ದಂತೆ. ಅದಿದ್ದರೆ ಹೊಡೆದಾಗ ಮೂತಿ ಕಮ್ಮಿ ಅದುರುತ್ತದಂತೆ. ಪ್ರಾಕ್ಟೀಸಿಗೆ ಯಾರೂ ಕೇಳುವುದಿಲ್ಲ, ಆದರೆ ಪಂದ್ಯದಲ್ಲಿ ಅದನ್ನು ಹಾಕಿಕೊಂಡು ನಿಲ್ಲುವ ಹಾಗಿಲ್ಲ. ಪಂದ್ಯ ಭಾನುವಾರ.

“ಬಂದೂಕಿಗೂ ಬ್ರೇಕಾ?” ಅಂದ ಬೈಲಪ್ಪ. “ಕ್ಲಚ್ ಎಲ್ಲಿದೆ ತೋರ್ಸು.”

“ಅಪ್ಪ, ತಮಾಷೆ ಬೇಡ. ಮುಂದಿನ ವರ್ಷ ನಂಗೆ ಇಪ್ಪತ್ತೊಂದು ದಾಟುತ್ತೆ. ಜೂನಿಯರ್‌ನಲ್ಲಿ ಇದೇ ಕೊನೇ ಚಾನ್ಸು. ಚೆಕ್ಕಿಂಗ್‌ನಲ್ಲಿ ಬಂದೂಕು ಪಾಸಾಗ್ಲಿಲ್ಲ ಅಂದ್ರೆ ನಾನು ಮನೆಗೆ ಬರೋದೇ.”

“ಮನೆಗೆ ಬರ್ತೀಯ, ಮೆಡಲ್ ತಗೊಂಡು ಬರ್ತೀಯ.”

ಬೈಲಪ್ಪ ಬಂದೂಕನ್ನು ತೊಡೆಯ ನಡುವೆ ಒತ್ತಿಕೊಂಡು, ಎಡಗೈಯಲ್ಲಿ ನಳಿಗೆ ಹಿಡಿದು, ಬಲಗೈಯಲ್ಲಿ ಆ ತುಂಡನ್ನು ಬಿಚ್ಚುವ ಕಡೆಗೆ ತಿರುಗಿಸಿದ. ತುಂಡು ಜಗ್ಗಲಿಲ್ಲ. ಉಸಿರು ಕಟ್ಟಿ ತಿರುಗಿಸಿದ. ಅಂಜಿನಮ್ಮ ಮಜ್ಜಿಗೆ ತಂದಳು. ಗಂಡನ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದನ್ನು ಕಂಡು ಲೋಟ ನೆಲಕ್ಕಿಟ್ಟಳು.

“ಬಂತೇನ್ರೀ?”

“ಬರ್ತಿದೆ.”

“ಬಂದೂಕಲ್ಲ, ನಿಮ್ಮ ಕಣ್ಣು ಹೊರಗೆ ಬರ್ತಿದೆ.”

ಬೈಲಪ್ಪ ಮಜ್ಜಿಗೆ ಕುಡಿಯಲಿಲ್ಲ. ಬಿಚ್ಚಿದ ಮೇಲೇ ಕುಡಿಯುತ್ತೇನೆ ಎಂದು ಲೋಟವನ್ನು ಕಿಟಕಿಯ ಕಟ್ಟೆ ಮೇಲಿಟ್ಟ. ಮಜ್ಜಿಗೆ ಸಾಯಂಕಾಲದ ಹೊತ್ತಿಗೆ ಹುಳಿಯಾಗಿ ಬಚ್ಚಲಿಗೆ ಹೋಯಿತು.

ಅಂಗಡಿಗೆ ಒಯ್ದು, ಕಬ್ಬಿಣ ಕಚ್ಚಿ ಹಿಡಿಯುವ ವೈಸಿಗೆ ಸಿಕ್ಕಿಸಿದ್ದರೆ ಕೆಲಸ ಸಲೀಸಾಗುತ್ತಿತ್ತೇನೋ. ಆದರೆ ಕ್ಲಬ್ಬಿನ ಪತ್ರದಲ್ಲಿ ಎರಡೇ ವಿಳಾಸ ಬರೆದಿತ್ತು: ಒಂದು ರೇಂಜು, ಇನ್ನೊಂದು ಮನೆ. ಪಂದ್ಯದ ಜಾಗ ಬಿಟ್ಟು ಬಂದೂಕು ಮೂರನೆಯ ಕಡೆ ಕಾಣಿಸಿಕೊಂಡರೆ ಯಮುನಾಳ ಹೆಸರು ಹೊಡೆದುಹಾಕುತ್ತಾರೆ. ಆದ್ದರಿಂದ ಅಂಗಡಿಯೇ ಮನೆಗೆ ಬಂತು. ಪೈಪ್ ರೆಂಚು, ಸುತ್ತಿಗೆ, ಒಂದು ಗಜದ ಕಬ್ಬಿಣದ ಪೈಪು, ಗ್ರೀಸಿನ ಡಬ್ಬಿ, ಹಳೆ ಲುಂಗಿ. ಸಂಜೆ ಅಡುಗೆಮನೆಯ ಕೊಬ್ಬರಿ ಎಣ್ಣೆಯೂ ಸೈನ್ಯಕ್ಕೆ ಸೇರಿತು.

ಎಣ್ಣೆ ಬಿಡುತ್ತಿರುವಾಗ ಫೋನು ಬಂತು.

“ಸರ್, ನಾನು ಜಗದೀಶ್. ಆ ಪೀಸ್ ಬಗ್ಗೆ ಒಂದು ವಿಷಯ ಹೇಳೋದು ಮರ್ತುಬಿಟ್ಟೆ...”

“ಏನ್ ವಿಷಯ ರೀ? ನೀವು ಗುರಿ ಹೊಡಿಯೋದು ಹೇಳ್ಕೊಡಿ, ಬಿಚ್ಚೋದು ಹೇಳ್ಕೊಡಬೇಡಿ. ನೀವು ಹುಟ್ಟೋ ಮುಂಚೆಯಿಂದ ತಿರುಪು ಬಿಚ್ತಿದೀನಿ.”

ಜಗದೀಶನಿಗೆ ಐವತ್ತು ದಾಟಿತ್ತು, ಬೈಲಪ್ಪನಿಗೆ ಐವತ್ತೆರಡು. ಲೆಕ್ಕದ ಪ್ರಕಾರ ಬೈಲಪ್ಪ ಉಗ್ಗಿನಲ್ಲಿ ಹಾಲು ಕುಡಿಯುತ್ತಲೇ ರೆಂಚು ಹಿಡಿದಿರಬೇಕು. ಆದರೆ ಸಿಟ್ಟಿಗೆ ಲೆಕ್ಕ ಹಿಡಿಸುವುದಿಲ್ಲ. ಫೋನು ಇಟ್ಟುಬಿಟ್ಟ.

ಶನಿವಾರ ಬೆಳಿಗ್ಗೆ ಎಣ್ಣೆ ಕುಡಿದ ತುಂಡು ಹೊಳೆಯುತ್ತಿತ್ತೇ ಹೊರತು ಅಲುಗುತ್ತಿರಲಿಲ್ಲ. ಬೈಲಪ್ಪನಿಗೆ ಹೊಸ ಯೋಚನೆ ಬಂತು. ಲೋಹಕ್ಕೆ ಶಾಖ ಕೊಟ್ಟರೆ ಹಿಗ್ಗುತ್ತದೆ; ಹೊರಗಿನ ತುಂಡು ಹಿಗ್ಗಿದರೆ ಒಳಗಿನ ಹಿಡಿತ ಸಡಿಲ. ಬೆಂಕಿಗೆ ಹಿಡಿದರೆ ನಳಿಗೆ ಕೆಡುತ್ತದೆ. ಹದವಾದ, ಮೆತ್ತನೆಯ, ಎಲ್ಲ ಕಡೆಯಿಂದಲೂ ಬರುವ ಶಾಖ ಬೇಕು. ಅಂಥ ಶಾಖ ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದದ್ದು ಒಂದೇ ಕಡೆ.

“ಅಂಜಿನಿ, ಇಡ್ಲಿ ಪಾತ್ರೆ ಮುಚ್ಚಳ ಸ್ವಲ್ಪ ತೆಗಿ.”

“ಬೆಂದಿಲ್ಲ ಇನ್ನೂ.”

“ಇಡ್ಲಿಗಲ್ಲ. ಬಂದೂಕಿಗೆ.”

ಅಂಜಿನಮ್ಮ ಗಂಡನನ್ನು ನೋಡಿದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳು ಒಲೆಯ ಮೇಲೆ ಬೇರಿಂಗ್ ಕುದಿಸಿದ್ದನ್ನು ಕಂಡಿದ್ದಳು, ದೋಸೆ ಹಂಚಿನ ಮೇಲೆ ಸ್ಪಾರ್ಕ್ ಪ್ಲಗ್ ಕಾಯಿಸಿದ್ದನ್ನು ಕಂಡಿದ್ದಳು. ಮುಚ್ಚಳ ಓರೆ ಮಾಡಿದಳು. ಬೈಲಪ್ಪ ಸ್ಟೂಲು ಎಳೆದುಕೊಂಡು, ಬಂದೂಕನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿ, ಮೂತಿಯನ್ನು ಇಡ್ಲಿಗಳ ಮೇಲೆ ಹಿಡಿದು ಇಪ್ಪತ್ತು ನಿಮಿಷ ಕೂತ. ಸ್ನಾನ ಮುಗಿಸಿ ಬಂದ ಯಮುನಾ ಬಾಗಿಲಲ್ಲೇ ನಿಂತಳು.

“ಅಮ್ಮ, ಅಪ್ಪ ಏನ್ಮಾಡ್ತಿದಾರೆ?”

“ಇಡ್ಲಿನ ಹೆದರಿಸ್ತಿದಾರೆ. ಬೇಗ ಬೇಯ್ಲಿ ಅಂತ.”

ತುಂಡು ಬರಲಿಲ್ಲ. ಇಡ್ಲಿ ಬಂತು, ಒಂದೊಂದರಲ್ಲೂ ಗ್ರೀಸಿನ ಘಮ. ಯಮುನಾ ಬಾಳೆಹಣ್ಣು ತಿಂದು ಎದ್ದಳು. ಬೈಲಪ್ಪ ಮಾತ್ರ ಹಟಕ್ಕೆ ಬಿದ್ದು ಆರು ಇಡ್ಲಿ ತಿಂದು, “ಏನೂ ಗೊತ್ತೇ ಆಗಲ್ಲ” ಅಂದ.

“ಈಗ ಬೇಕಾಗಿರೋದು ಹಿಡಿತ,” ಎಂದು ಘೋಷಿಸಿದ. “ಬಂದೂಕು ಅಲ್ಲಾಡಬಾರದು. ವೈಸ್ ಬೇಕು.”

ವೈಸು ಅಂಗಡಿಯ ಮೇಜಿಗೆ ಬೋಲ್ಟ್ ಹಾಕಿಸಿಕೊಂಡು ಕೂತಿತ್ತು. ಆದರೆ ಮನೆಯ ಮುಂದಿನ ಕೋಣೆಯ ಕಿಟಕಿಗೆ ಬೈಲಪ್ಪ ಸ್ವಂತ ಕೈಯಿಂದ ಮಾಡಿ ಕೂರಿಸಿದ ಗ್ರಿಲ್ ಇತ್ತು. ಅರ್ಧ ಇಂಚಿನ ಚೌಕದ ಸರಳು, ಒಂದೊಂದು ಕೂಡುವ ಕಡೆಯೂ ಎರಡೆರಡು ಸಲ ವೆಲ್ಡಿಂಗು. ಮನೆಗೆ ಬಂದ ನೆಂಟರಿಗೆಲ್ಲ ಕಾಫಿ ಕೊಡುವ ಮುಂಚೆ ಆ ಗ್ರಿಲ್ ಹಿಡಿದು ಅಲ್ಲಾಡಿಸಿ ತೋರಿಸುವುದು ಅವನ ಪದ್ಧತಿ. “ಆನೆ ಕಟ್ಟಿ ಎಳೆಸಿ, ಬರಲ್ಲ” ಅನ್ನುತ್ತಿದ್ದ.

ನಳಿಗೆಗೆ ಲುಂಗಿ ಸುತ್ತಿ, ಒಳಗಿನಿಂದ ಎರಡು ಸರಳುಗಳ ಮಧ್ಯೆ ತೂರಿಸಿ, ತುಂಡು ಬೀದಿಯ ಕಡೆ ಬರುವ ಹಾಗೆ ಇಟ್ಟ. ಸಂದು ತುಂಬಲು ಮರದ ಬೆಣೆ ಬೇಕಾಯಿತು. ಅಡುಗೆಮನೆಯಲ್ಲಿ ಲಟ್ಟಣಿಗೆ ಸಿಕ್ಕಿತು. ಅದನ್ನು ಉದ್ದಕ್ಕೆ ಸೀಳಿ, ಎರಡು ಹೋಳನ್ನೂ ನಳಿಗೆಯ ಎರಡು ಪಕ್ಕಕ್ಕೆ ಇಟ್ಟು ಸುತ್ತಿಗೆಯಿಂದ ಬಿಗಿದ.

“ರೀ, ಅದು ನಮ್ಮಮ್ಮ ಕೊಟ್ಟಿದ್ದು.”

“ನಿಮ್ಮಮ್ಮ ಮೊಮ್ಮಗಳಿಗೋಸ್ಕರ ಇಷ್ಟೂ ಮಾಡಲ್ವಾ?”

ಬಂದೂಕು ಬಂಡೆಯ ಹಾಗೆ ಕೂತಿತು. ಬೈಲಪ್ಪ ಬೀದಿಗೆ ಬಂದು, ರೆಂಚಿನ ಹಿಡಿಗೆ ಗಜದ ಪೈಪು ಸಿಕ್ಕಿಸಿ, ಜೋತುಬಿದ್ದ. ತುಂಡು ಒಂದು ಕೂದಲಿನಷ್ಟು ತಿರುಗಿತು. ತಿರುಗಿತು ಎಂದ ಮೇಲೆ ಬರುತ್ತದೆ ಎಂದೇ ಅರ್ಥ ತಾನೆ? ಇನ್ನೂ ಜೋರಾಗಿ ಜೋತುಬಿದ್ದ. ಈ ಸಲ ತಿರುಗಿದ್ದು ಅವನ ಸೊಂಟ. ‘ಅಬ್ಬಾ’ ಎಂದು ಮೆಟ್ಟಿಲ ಮೇಲೆ ಕೂತ.

ಅದೇ ಹೊತ್ತಿಗೆ ಎದುರು ಮನೆಯ ಬಾಗಿಲು ತೆರೆಯಿತು. ಮುನಿವೆಂಕಟಮ್ಮ ಹೂವಿನ ಬುಟ್ಟಿ ಎತ್ತಿಕೊಂಡು ಹೊರಗೆ ಬಂದವಳು ಹೊಸಿಲ ಮೇಲೇ ಕಲ್ಲಾದಳು. ಎಂಟಡಿ ಓಣಿಯ ಆಚೆ, ಬೈಲಪ್ಪನ ಕಿಟಕಿಯಿಂದ ಒಂದು ಬಂದೂಕು ನೇರ ಅವಳ ಹೊಟ್ಟೆಗೆ ಗುರಿಯಿಟ್ಟುಕೊಂಡಿತ್ತು. ಅದರ ಪಕ್ಕದಲ್ಲಿ ಬೈಲಪ್ಪ ಹಲ್ಲು ಕಚ್ಚಿಕೊಂಡು ಕೂತಿದ್ದ.

ಹಿನ್ನೆಲೆ ಹೇಳಬೇಕು. ಎರಡು ತಿಂಗಳಿಂದ ಆ ಎರಡು ಮನೆಗಳ ನಡುವೆ ಬೈಲಪ್ಪನ ಹಳೆ ವ್ಯಾನಿನ ಜಗಳ ನಡೆದಿತ್ತು. ಅವನು ಅದನ್ನು ತನ್ನ ಬಾಗಿಲ ಮುಂದೆ ನಿಲ್ಲಿಸಿದರೆ ಅದರ ಹಿಂಭಾಗ ಅವಳ ಬಾಗಿಲ ಮುಂದೆ ಇರುತ್ತಿತ್ತು. ಹಿಂದಿನ ದಿನ ತಾನೇ ಮುನಿವೆಂಕಟಮ್ಮ, “ಗಾಡಿ ತೆಗಿಲಿಲ್ಲ ಅಂದ್ರೆ ನೋಡು” ಅಂದಿದ್ದಳು. ಬೈಲಪ್ಪ, “ನಾನೂ ನೋಡ್ತೀನಿ” ಅಂದಿದ್ದ.

“ಅಯ್ಯೋ ಯಪ್ಪಾ, ಬರ್ರಪ್ಪೋ,” ಎಂದು ಮುನಿವೆಂಕಟಮ್ಮನ ಗಂಟಲು ಬಿಚ್ಚಿಕೊಂಡಿತು. “ಗಾಡಿ ತೆಗಿ ಅಂದಿದ್ಕೆ ಬೈಲ ಬಂದೂಕು ಇಕ್ಕವ್ನೆ!”

“ಅಕ್ಕಾ, ಇದು ಗಾಳಿ ಬಂದೂಕು. ಒಳಗೆ ಗುಂಡೂ ಇಲ್ಲ, ಗಾಳಿನೂ ಇಲ್ಲ.”

“ಮೂತಿ ಆ ಕಡೆ ತಿರುಗ್ಸೋ ಮೊದ್ಲು.”

“ತಿರುಗ್ಸಕ್ಕೇ ನಿನ್ನೆಯಿಂದ ಸಾಯ್ತಿದೀನಿ.”

“ಕೇಳುದ್ರೇನ್ರಪ್ಪ? ನಿನ್ನೆಯಿಂದ ಅಂತವ್ನೆ.”

ಬೀದಿ ತುಂಬಿತು. ಬಂದೂಕನ್ನು ಒಳಗೆ ಎಳೆದುಕೊಳ್ಳೋಣವೆಂದು ಬೈಲಪ್ಪ ಓಡಿಹೋಗಿ ಎಳೆದರೆ ಬಂದೂಕು ಬರಲಿಲ್ಲ. ಲಟ್ಟಣಿಗೆಯ ಹೋಳುಗಳು ಸರಳಿನೊಳಗೆ ಬೇರು ಬಿಟ್ಟಿದ್ದವು. ಹೀಗೆ ಮೂತಿಯ ತುಂಡು ಬಂದೂಕಿಗೆ ಸಿಕ್ಕಿಕೊಂಡು, ಬಂದೂಕು ಕಿಟಕಿಗೆ ಸಿಕ್ಕಿಕೊಂಡು, ಬೈಲಪ್ಪ ಬೀದಿಗೆ ಸಿಕ್ಕಿಕೊಂಡ.

ಯಾರು ಫೋನು ಮಾಡಿದರೋ, ಹತ್ತು ನಿಮಿಷದಲ್ಲಿ ಬೀಟ್ ಪೊಲೀಸ್ ಜಟ್ಟೆಪ್ಪ ಬೈಕಿನಲ್ಲಿ ಬಂದಿಳಿದ. ಕಲಬುರಗಿ ಕಡೆಯವನು, ಮೀಸೆ ದೊಡ್ಡದು, ಮಾತು ಸಣ್ಣದು. ಗ್ರಿಲ್ಲಿನ ಮುಂದೆ ಬಗ್ಗಿ, ನಳಿಗೆಯೊಳಗೆ ಕಣ್ಣಿಡದೆ ಪಕ್ಕದಿಂದ ನೋಡಿದ.

“ಏನ್ ನಡಸೀರಿ ಯಜಮಾನ್ರ?”

“ಬ್ರೇಕ್ ಬಿಚ್ತಿದೀನಿ ಸಾರ್.”

“ಬಂದೂಕಿಂದು?”

“ಹೂಂ ಸಾರ್.”

ಜಟ್ಟೆಪ್ಪ ಅವನ ಬಾಯಿಯ ಹತ್ತಿರ ಮೂಗು ತಂದು ವಾಸನೆ ನೋಡಿದ. ಗ್ರೀಸಿನ ಇಡ್ಲಿಯ ವಾಸನೆ ಅವನಿಗೂ ಬಗೆಹರಿಯಲಿಲ್ಲ. ಅಷ್ಟರಲ್ಲಿ ಯಮುನಾ ಕ್ಲಬ್ಬಿನ ಪತ್ರ, ತನ್ನ ಗುರುತಿನ ಕಾರ್ಡು, ನಾಳೆಯ ಪಂದ್ಯದ ಚೀಟಿ ಎಲ್ಲ ತಂದು ತೋರಿಸಿದಳು. ಜಟ್ಟೆಪ್ಪ ಒಂದೊಂದನ್ನೂ ಓದಿ, ಮಡಚಿ ವಾಪಸ್ ಕೊಟ್ಟು, ಅಂಗಿಯ ತೋಳು ಮೇಲೆ ಮಡಿಸಿದ.

“ಸರೀರಿ ಅತ್ಲಾಗ. ನಮ್ಮಪ್ಪಂದು ಆಳಂದದಾಗ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇತ್ತು. ಇಂಥಾವು ಎಷ್ಟ ಬಿಚ್ಚೀನಿ.”

ಆಮೇಲೆ ನಡೆದದ್ದನ್ನು ಹಬ್ಬ ಎಂದೇ ಹೇಳಬೇಕು. ಜಟ್ಟೆಪ್ಪ ಪೈಪಿಗೆ ಜೋತುಬಿದ್ದ. ಅವನ ಹಿಂದೆ ಗ್ಯಾಸ್ ಸಿಲಿಂಡರ್ ಹೊರುವವನು, ಅವನ ಹಿಂದೆ ಮಾಂಸದಂಗಡಿಯವನು. ಪ್ರಾಣಭಯದಲ್ಲಿದ್ದ ಮುನಿವೆಂಕಟಮ್ಮ ಕೂಡ ಬುಟ್ಟಿ ಕೆಳಗಿಟ್ಟು, “ಎಡಕ್ಕೆ ಒತ್ರಪ್ಪ, ಇನ್ನಾ ಎಡಕ್ಕೆ” ಎಂದು ಮೇಸ್ತ್ರಿಯಾದಳು. ತಿರುಪು ಎಂದರೆ ಎಡಕ್ಕೆ ಬಿಚ್ಚುತ್ತದೆ, ಬಲಕ್ಕೆ ಬಿಗಿಯುತ್ತದೆ. ಇದು ಇಡೀ ಬೀದಿಗೆ ಗೊತ್ತು. ಇಡೀ ಬೀದಿ ಎಡಕ್ಕೆ ಒತ್ತಿತು. ತುಂಡು ಒಂದೆರಡು ಸಲ ‘ಕಿರ್’ ಎಂದು, ಆಮೇಲೆ ಅದೂ ಅನ್ನಲಿಲ್ಲ.

ಮಧ್ಯೆ ಬೈಲಪ್ಪನ ಜೇಬಿನಲ್ಲಿ ಫೋನು ಎರಡು ಸಲ ಹೊಡೆದುಕೊಂಡಿತು. ಒಂದನ್ನು ಎತ್ತಿದ.

“ಸರ್, ಜಗದೀಶ್. ಅದು ಮಾಮೂಲಿ ಥ್ರೆಡ್...”

“ಮಾಮೂಲಿ ಥ್ರೆಡ್ಡು ಅಂತ ನಂಗೆ ಗೊತ್ತಿಲ್ವೇನ್ರೀ?” ಎಂದು ಕಟ್ ಮಾಡಿದ. ಇನ್ನೊಂದನ್ನು ಎತ್ತಲೇ ಇಲ್ಲ.

ಕೊನೆಗೆ ಬೇರೆ ದಾರಿ ಕಾಣದೆ ಅಂಗಡಿಯಿಂದ ಕಟಿಂಗ್ ಮೆಷಿನ್ ತಂದು, ಆನೆ ಕಟ್ಟಿ ಎಳೆದರೂ ಬಾರದ ಗ್ರಿಲ್ಲಿನ ಒಂದು ಸರಳನ್ನು ಬೈಲಪ್ಪ ತಾನೇ ಕತ್ತರಿಸಿದ. ಕಿಡಿ ಹಾರುವಾಗ ಅವನ ಕಣ್ಣಲ್ಲಿ ನೀರು ಬಂದದ್ದು ಹೊಗೆಗೆ ಎಂದು ಎಲ್ಲರೂ ಅಂದುಕೊಂಡರು. ಬಂದೂಕು ಬಿಡುಗಡೆಯಾಯಿತು. ನಳಿಗೆಗೆ ಲುಂಗಿಯ ದಯೆಯಿಂದ ಗೀರು ಕೂಡ ಬಿದ್ದಿರಲಿಲ್ಲ. ತುಂಡು ಮಾತ್ರ ತನ್ನ ಜಾಗದಲ್ಲಿ ಮೊದಲಿಗಿಂತ ನೆಮ್ಮದಿಯಾಗಿ ಕೂತಿತ್ತು.

ಬಂದೂಕನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಾಗ ತುಂಡಿನ ತೂತುಗಳಿಂದ ಕೆಂಪು ಪುಡಿ ಉದುರಿತು. ಬೈಲಪ್ಪ ಬೆರಳಿಗೆ ಒತ್ತಿಕೊಂಡು ಮೂಸಿದ. ಕುಂಕುಮ.

ಆಯುಧಪೂಜೆಯ ದಿನ ಅಂಜಿನಮ್ಮ ಮನೆಯ ಈಳಿಗೆಮಣೆ, ವ್ಯಾನು, ಹೊಲಿಗೆ ಮೆಷಿನ್ನಿನ ಜೊತೆ, ಆಗ ಮನೆಗೆ ಬಂದಿದ್ದ ಮಗಳ ಬಂದೂಕಿಗೂ ಅರಿಸಿನ ಕುಂಕುಮ ಹಚ್ಚಿದ್ದಳು. ಎರಡು ದಿನದಿಂದ ಯಾರ ಮೇಲೆ ಹಾಕಬೇಕೋ ತಿಳಿಯದೆ ಬೈಲಪ್ಪ ಹೊತ್ತು ತಿರುಗುತ್ತಿದ್ದ ಸಿಟ್ಟಿಗೆ ಒಂದು ವಿಳಾಸ ಸಿಕ್ಕಿತು.

“ಸಿಕ್ತು ನೋಡಿ,” ಎಂದು ಬೀದಿಗೆಲ್ಲ ಬೆರಳು ತೋರಿಸಿದ. “ಇವಳ ಕುಂಕುಮ ಥ್ರೆಡ್ ಒಳಗೆ ಇಳಿದು ಸಿಮೆಂಟ್ ಆಗಿ ಕೂತಿದೆ. ಇವಳ ಕೈ ಬಿದ್ದಿರೋ ಯಾವ ಸಾಮಾನು ನೆಟ್ಟಗೆ ಉಳಿದಿದೆ ಹೇಳಿ. ದೇವರಿಗೆ ಅಂತ ಹಚ್ಚಿ ಮಗಳ ಹಣೆಬರಹಕ್ಕೇ ಬಳಿದುಬಿಟ್ಳು.”

ಜಟ್ಟೆಪ್ಪ ತೋಳು ಇಳಿಸಿಕೊಂಡ. ಮುನಿವೆಂಕಟಮ್ಮ ಬುಟ್ಟಿ ಎತ್ತಿಕೊಂಡಳು. ಅಂಜಿನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಮಗಳ ಕಡೆ ತಿರುಗಿದಳು.

“ಯಮುನಾ, ಆ ಮಾತು ವಾಪಸ್ ತಗೊಳ್ಳೋ ತನಕ ನಾನು ಇವರ ಹತ್ರ ಮಾತಾಡಲ್ಲ ಅಂತ ಹೇಳು.”

“ಅಪ್ಪ, ಅಮ್ಮ...”

“ಕೇಳಿಸ್ತು. ಇಲ್ಲೇ ನಿಂತಿದೀನಿ. ಮಾತಾಡದಿದ್ರೆ ಒಳ್ಳೇದೇ ಆಯ್ತು ಅಂತ ಹೇಳು.”

ಅವತ್ತು ಸಾಯಂಕಾಲ ಬೈಲಪ್ಪ ಕುಂಕುಮ ತೊಳೆಯಲು ಸೀಮೆಣ್ಣೆಯಲ್ಲಿ ನೆನೆಸಿದ, ಪೆಟ್ರೋಲ್ ಹಾಕಿದ, ಹುಣಸೆಹಣ್ಣು ಉಜ್ಜಿದ. ತುಂಡು ಫಳಫಳ ಹೊಳೆಯಿತು. ಯಮುನಾ ಪಂದ್ಯದ ದಪ್ಪ ಕೋಟನ್ನು ಮಡಚಿ ಚೀಲಕ್ಕಿಟ್ಟಳು, ಮತ್ತೆ ತೆಗೆದಳು, ಮತ್ತೆ ಇಟ್ಟಳು. ಅಪ್ಪನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಬೈಲಪ್ಪನಿಗೆ ಕೂಗಾಡಲಾದರೂ ಒಂದು ದಾರಿ ಇರುತ್ತಿತ್ತು.

ಪಂದ್ಯ ಇದ್ದದ್ದು ಕೆ.ಆರ್. ಪುರದ ಆಚೆಯ ಒಂದು ಕಾಲೇಜಿನಲ್ಲಿ. ಭಾನುವಾರ ಬೆಳಿಗ್ಗೆ ವ್ಯಾನಿನಲ್ಲಿ ಮೂವರೂ ಹೊರಟರು. ಅಂಜಿನಮ್ಮ ಹಿಂದೆ ಕೂತು, ಮಡಿಲಲ್ಲಿ ಟಿಫನ್ ಡಬ್ಬಿ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತಿದ್ದಳು. ಟಿನ್ ಫ್ಯಾಕ್ಟರಿಯ ಹತ್ತಿರ ಭಾನುವಾರವೂ ಗಾಡಿಗಳು ಗಂಟು ಹಾಕಿಕೊಂಡಿದ್ದವು. ಕಾಲೇಜು ತಲುಪಿದಾಗ ಹತ್ತು ಗಂಟೆ ಐದು ನಿಮಿಷ. ತಪಾಸಣೆಯ ಮೇಜು ಹತ್ತೂವರೆಗೆ ಮುಚ್ಚುತ್ತದೆ.

ಮೇಜಿನ ಹಿಂದೆ ಕೂತಿದ್ದ ಕನ್ನಡಕದ ಅಧಿಕಾರಿ ಬಂದೂಕಿನ ಮೂತಿಯನ್ನು ಒಂದೇ ಸಲ ನೋಡಿದರು.

“ಮಜಲ್ ಬ್ರೇಕ್ ಇದೆ. ಬಿಚ್ಕೊಂಡು ಬನ್ನಿ.”

“ಸಾರ್, ಅದು ಬರ್ತಿಲ್ಲ,” ಅಂದಳು ಯಮುನಾ.

“ಹಂಗಾದ್ರೆ ಮುಂದಿನ ವರ್ಷ ಬನ್ನಿ,” ಎಂದು ಅವರು ಮುಂದಿನ ಹುಡುಗಿಯ ಬಂದೂಕಿಗೆ ಕೈಚಾಚಿದರು. ಸಿಟ್ಟೂ ಇಲ್ಲ, ಬೇಸರವೂ ಇಲ್ಲ. ದಿನಕ್ಕೆ ಇನ್ನೂರು ಸಲ ಹೇಳುವವರ ಧ್ವನಿ.

ಬೈಲಪ್ಪ ಮಗಳನ್ನು ಗೋಡೆಯ ಪಕ್ಕದ ಬೆಂಚಿಗೆ ಎಳೆದುಕೊಂಡು ಬಂದ. ಚೀಲದಿಂದ ಗರಗಸ ತೆಗೆದ.

“ಹಿಡ್ಕೊ. ತುಂಡಿನ ಬುಡಕ್ಕೇ ಕುಯ್ದುಬಿಡ್ತೀನಿ. ಹತ್ತು ನಿಮಿಷ.”

“ಅಪ್ಪ, ಅದು ಕ್ಲಬ್ಬಿಂದು. ಇದನ್ನ ಕುಯ್ದ್ರೆ ನನ್ನ ಹೆಸರನ್ನ ಅವರು ಕುಯ್ತಾರೆ.”

“ಮತ್ತೇನ್ಮಾಡ್ಲಿ ಹೇಳು.”

ಯಮುನಾ ಬೆಂಚಿನ ಮೇಲೆ ಕೂತು, ಆಗಷ್ಟೇ ಹಾಕಿಕೊಂಡಿದ್ದ ಕೋಟಿನ ಬಕಲ್ಲುಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಮೂರು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ಮೊದಲ ಬಸ್ಸು ಹಿಡಿದವಳು. ಮೊದಲನೇ ಬಕಲ್ಲು, ಎರಡನೇ ಬಕಲ್ಲು. ಬೈಲಪ್ಪ ಗರಗಸ ಹಿಡಿದುಕೊಂಡು ನಿಂತ. ಜೀವಮಾನದಲ್ಲಿ ಮೊದಲ ಸಲ ಅವನಿಗೆ ಯಾರನ್ನು ಬೈಯಬೇಕೆಂದು ತಿಳಿಯಲಿಲ್ಲ.

“ಯಮುನಾ,” ಅಂದಳು ಅಂಜಿನಮ್ಮ. “ನಿಮ್ಮಪ್ಪನ್ನ ಕೇಳು, ಇದನ್ನ ಆ ಕಡೆಗೆ ಒಂದು ಸಲಾನಾದ್ರೂ ತಿರುಗ್ಸಿದ್ರಾ ಅಂತ.”

“ಯಾವ ಕಡೆಗೆ?” ಅಂದ ಬೈಲಪ್ಪ.

“ಬಲಕ್ಕೆ ಅಂತ ಹೇಳು.”

“ಬಲಕ್ಕೆ ತಿರುಗ್ಸಿದ್ರೆ ಬಿಗಿಯುತ್ತೆ ಅಂತ ನಿಮ್ಮಮ್ಮನಿಗೆ ಹೇಳು. ಲೇತ್ ಕೆಲಸದಲ್ಲಿ ಅಡುಗೆಮನೆ ಬಾಯಿ ಹಾಕಬಾರದು ಅಂತಾನೂ ಹೇಳು.”

“ಮಿಕ್ಸಿ ಮೇಲೆ ಜಾರು ಕೂರುತ್ತಲ್ಲ, ಆ ಕಪ್ಪು ಬುಷ್ಷು, ಅದನ್ನ ಬಿಚ್ಚೋದು ಬಲಕ್ಕೇನೇ ಅಂತ ಹೇಳು. ಬೆಳಿಗ್ಗೆ ಚಟ್ನಿ ರುಬ್ಬೋವಾಗ ಸಡಿಲ ಆಯ್ತು. ಎಡಕ್ಕೆ ಬಿಗಿ ಮಾಡ್ದೆ. ಆವಾಗ ಹೊಳೀತು. ಹೇಳೋಣ ಅಂದ್ರೆ ನಾನು ಮಾತಾಡಲ್ವಲ್ಲ.”

ಬೈಲಪ್ಪ ಬಾಯಿ ತೆರೆದ. ಉಲ್ಟಾ ಥ್ರೆಡ್. ಇಪ್ಪತ್ತೆಂಟು ವರ್ಷದಲ್ಲಿ ಅವನೇ ಎಷ್ಟೋ ಉಲ್ಟಾ ಥ್ರೆಡ್ ಕಡೆದಿದ್ದಾನೆ. ಸೈಕಲ್ಲಿನ ಎಡಗಡೆ ಪೆಡಲಿಗೆ, ರುಬ್ಬುವ ಯಂತ್ರಗಳಿಗೆ, ತಾನಾಗಿ ಸಡಿಲವಾಗಬಾರದ ಎಷ್ಟೆಷ್ಟೋ ಸಾಮಾನಿಗೆ. ಹಾಗಾದರೆ ಶುಕ್ರವಾರ ಮಧ್ಯಾಹ್ನದಿಂದ ಅವನು, ಜಟ್ಟೆಪ್ಪ, ಮಾಂಸದಂಗಡಿಯವನು, ಇಡೀ ಮರ್ಫಿ ಟೌನು ಸೇರಿ ಆ ತುಂಡನ್ನು ಬಿಗಿ ಮಾಡುತ್ತಿದ್ದರೆ?

ಅಂಜಿನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಚೀಲದಿಂದ ರೆಂಚು ತೆಗೆದಳು. ಯಮುನಾ ಬಂದೂಕನ್ನು ಎದೆಗೆ ಅವಚಿಕೊಂಡು ಬೆಂಚಿನ ಕಾಲಿಗೆ ಕಾಲೊತ್ತಿ ಕೂತಳು. ಅಂಜಿನಮ್ಮ ರೆಂಚಿನ ಬಾಯಿಗೆ ಟಿಫನ್ ಡಬ್ಬಿಯ ಮೇಲಿದ್ದ ಬಟ್ಟೆ ಸುತ್ತಿ, ತುಂಡಿಗೆ ಸಿಕ್ಕಿಸಿ, ಬಲಕ್ಕೆ ಒತ್ತಿದಳು. ಬರಲಿಲ್ಲ. ಇಡೀ ಬೀದಿಯ ಬಿಗಿತ ಅದರೊಳಗಿತ್ತು. ಅಂಜಿನಮ್ಮ ಚಪ್ಪಲಿ ಕಳಚಿ, ನೆಲಕ್ಕೆ ಪಾದ ಊರಿ, ಮೈಭಾರವೆಲ್ಲ ಹಾಕಿದಳು.

‘ಕಟಕ್’ ಎಂದಿತು.

ಆಮೇಲೆ ಎರಡೇ ಬೆರಳಲ್ಲಿ ತಿರುಗಿತು. ನಾಲ್ಕು ಸುತ್ತು. ತುಂಡು ಅಂಜಿನಮ್ಮನ ಅಂಗೈಗೆ ಬಂದು ಬಿತ್ತು. ಅವಳು ಅದನ್ನು ಗಂಡನ ಮೂಗಿನ ಕೆಳಗೆ ಹಿಡಿದಳು. ಒಳಗಿನ ಥ್ರೆಡ್ಡು ಕನ್ನಡಿಯ ಹಾಗೆ ಶುಭ್ರವಾಗಿತ್ತು. ಕುಂಕುಮದ ಒಂದು ಕಣವೂ ಇರಲಿಲ್ಲ. ಅವನು ಚೆನ್ನಾಗಿ ನೋಡಲಿ ಎಂದು, ಅಂಗೈಯನ್ನು ಬೆಳಕಿಗೆ ಸ್ವಲ್ಪ ಓರೆ ಮಾಡಿದಳು.

ಯಮುನಾ ಬಕಲ್ಲು ಹಾಕಿಕೊಳ್ಳುತ್ತಲೇ ಮೇಜಿನ ಕಡೆ ಓಡಿದಳು. ಗಡಿಯಾರದಲ್ಲಿ ಹತ್ತು ಇಪ್ಪತ್ತೇಳು.

ಅಷ್ಟರಲ್ಲಿ ಜಗದೀಶ ಏದುಸಿರು ಬಿಡುತ್ತ ಬಂದ. “ಬಂತಾ ಸರ್? ಅದು ಮಾಮೂಲಿ ಥ್ರೆಡ್ ಅಲ್ಲ, ಉಲ್ಟಾ...”

“ಇದನ್ನ ಮೊದಲೇ ಬಾಯಿಬಿಟ್ಟು ಹೇಳೋದಕ್ಕೇನಾಗಿತ್ತು ನಿಮಗೆ?” ಅಂದ ಬೈಲಪ್ಪ.

ಜಗದೀಶ ಏನೋ ಹೇಳಹೊರಟು, ತನ್ನ ಫೋನನ್ನೊಮ್ಮೆ ನೋಡಿಕೊಂಡು, “ತಪ್ಪಾಯ್ತು ಸರ್” ಅಂದ. ನೋಡಿ, ತಪ್ಪೇ ಮಾಡದವನ ಬಾಯಿಂದ ಆ ಮಾತು ಎಷ್ಟು ಸಲೀಸಾಗಿ ಬಂತು. ಪಕ್ಕದಲ್ಲಿದ್ದ ಅಂಜಿನಮ್ಮನೂ ಅದನ್ನು ಗಮನಿಸಿದಳು. ಗಮನಿಸಿದಳು ಎಂಬುದನ್ನು ಬೈಲಪ್ಪ ಗಮನಿಸಿದ. ಜಗದೀಶನ ಮೇಲೆ ಅವನ ಸಿಟ್ಟು ಇನ್ನೊಂದು ಸುತ್ತು ಬಿಗಿಯಿತು.

ಯಮುನಾ ಅರವತ್ತು ಗುಂಡು ಹೊಡೆದಳು. ಮೂತಿ ಹಗುರವಾಗಿದ್ದಕ್ಕೆ ಮೊದಲ ಹತ್ತು ಅಲ್ಲಿ ಇಲ್ಲಿ ಹೋದವು, ಆಮೇಲೆ ಕೈ ಕೂತಿತು. ಮುಂದಿನ ಹಂತಕ್ಕೆ ಹದಿನಾಲ್ಕು ಮಂದಿಯನ್ನು ತೆಗೆದುಕೊಂಡರು, ಯಮುನಾ ಹದಿಮೂರನೆಯವಳು. ಫಲಿತಾಂಶದ ಹಾಳೆಯ ಮುಂದೆ ಅವಳು ಅಮ್ಮನನ್ನು ತಬ್ಬಿಕೊಂಡಳು. ಅಪ್ಪನನ್ನೂ ತಬ್ಬಿಕೊಂಡಳು, ಆದರೆ ಅದಕ್ಕೆ ಮುಂಚೆ ಅವನ ಕೈಯಿಂದ ಗರಗಸ ಕಿತ್ತುಕೊಂಡು ಬೆಂಚಿನ ಕೆಳಗೆ ಇಟ್ಟಳು.

ಮನೆಗೆ ಬಂದ ಮೇಲೆ ಅಂಜಿನಮ್ಮ ಸಂಸಾರ ನಡೆಯುವಷ್ಟು ಮಾತಾಡಲು ಶುರು ಮಾಡಿದಳು. ಅನ್ನಕ್ಕೆ ಬನ್ನಿ, ಹಾಲು ತನ್ನಿ, ನೀರಿನ ಮೋಟಾರ್ ಆಫ್ ಮಾಡಿ. ಎಲ್ಲ ಸರಿ. ಆದರೆ ಒಂದು ಬಾಕಿ ಉಳಿದಿದೆ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಎದುರು ಮನೆಯ ಮುನಿವೆಂಕಟಮ್ಮನಿಗೂ ಗೊತ್ತಿತ್ತು; ದಿನಾ ಬೆಳಿಗ್ಗೆ ಹೂ ಕೊಡುವಾಗ, “ಅಂದ್ನಾ?” ಎಂದು ಕೇಳುತ್ತಿದ್ದಳು. ಅಂಜಿನಮ್ಮ ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಬೈಲಪ್ಪ ಪ್ರಯತ್ನ ಮಾಡಲಿಲ್ಲ ಎಂದಲ್ಲ. ಹೊಸ ಲಟ್ಟಣಿಗೆ ಕಡೆದು ತಂದ. ನೈಲಾನ್ ದಿಂಡಿನಲ್ಲಿ ಮಿಕ್ಸಿಗೆ ಹೊಸ ಬುಷ್ಷು ಮಾಡಿ, ಒಳಗೆ ಕೂದಲೆಳೆ ತಪ್ಪದ ಉಲ್ಟಾ ಥ್ರೆಡ್ ಹಾಕಿ, ಪೇಪರಿನಲ್ಲಿ ಸುತ್ತಿ ಅಡುಗೆಮನೆಯ ಕಟ್ಟೆ ಮೇಲಿಟ್ಟು, ಕೆಮ್ಮಿ ಹೊರಟುಹೋದ. ಅಂಜಿನಮ್ಮ ಅದನ್ನು ಕೂರಿಸಿ ನೋಡಿ, “ಚೆನ್ನಾಗಿದೆ” ಅಂದಳು. “ನಂಗೆ ಬರಬೇಕಾಗಿರೋದು ಬುಷ್ಷಲ್ಲ,” ಅಂತಲೂ ಅಂದಳು.

ಅಂಗಡಿಯಲ್ಲಿ ಲೇತ್ ಓಡುವಾಗ ಅವನು ‘ತಪ್ಪಾಯ್ತು’ ಅನ್ನುವುದನ್ನು ಹತ್ತಾರು ಸಲ ಅಂದು ನೋಡಿಕೊಂಡ. ಲೇತಿನ ಮುಂದೆ ಸರಾಗವಾಗಿ ಬರುತ್ತಿತ್ತು. ಒಂದು ದಿನ ಅದೇ ಧೈರ್ಯದಲ್ಲಿ ಸೀದಾ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತ. ಅಂಜಿನಮ್ಮ ಬೆನ್ನು ಹಾಕಿಕೊಂಡು ಚಟ್ನಿ ರುಬ್ಬುತ್ತಿದ್ದಳು. ಹೊಸ ಬುಷ್ಷಿನ ಮೇಲೆ ಮಿಕ್ಸಿ ಭೋರೆಂದು ಓಡುತ್ತಿತ್ತು. ಬೈಲಪ್ಪ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡು, ಕಣ್ಣು ಮುಚ್ಚಿ, “ಅವತ್ತು ಅಂದಿದ್ದು ತಪ್ಪಾಯ್ತು ಕಣೇ” ಅಂದ.

ಮಿಕ್ಸಿ ನಿಂತಿತು. ಅಂಜಿನಮ್ಮ ತಿರುಗಿ ನೋಡಿದಳು.

“ಏನೋ ಅಂದ್ರಲ್ಲ?”

“ಏನಿಲ್ಲ,” ಅಂದ ಬೈಲಪ್ಪ. “ಚಟ್ನಿಗೆ ಉಪ್ಪು ಹಾಕಿದ್ಯಾ ಅಂದೆ.”